ಉಳಿದ ತುಂಡು

ಹೊತ್ತು ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅಂಗಳಕ್ಕೆ ನೀರು ಹೊಡೆಯುವ ಸಪ್ಪಳ ಓಣಿಯ ಒಂದೆರಡು ಮನೆಗಳಿಂದಷ್ಟೇ ಬರುತ್ತಿತ್ತು. ಬಾಗಿಲು ತೆಗೆದರೆ ಟೇಲರ್ ಸಾಹೇಬರು. ಲಕ್ಷ್ಮೇಶ್ವರದ ನಮ್ಮ ಓಣಿಯವರ ಅಂಗಿ, ಪಾಯಿಜಾಮ, ಸಾಲಿ ಹುಡುಗರ ಚೊಣ್ಣ ಎಲ್ಲ ನಾಲ್ವತ್ತು ವರ್ಷದಿಂದ ಅವರ ಕತ್ತರಿಯ ಕೆಳಗೇ ಹಾದು ಬಂದವು. ಒಳಗೆ ಬರ್ರಿ ಎಂದೆ. ಹೊಸ್ತಿಲಾಚೆಯೇ ನಿಂತರು.

"ಮಾಸ್ತರ, ಬರೋ ವಾರ ಹಜ್‌ಕ ಹೊಂಟೀನ್ರಿ. ಒಂದ್ ಮಾತ ಹೇಳೂದೈತಿ. ಇಷ್ಟ್ ವರ್ಷ ನಿಮ್ಮ ಅರಿವ್ಯಾಗ ಉಳದ ತುಂಡ ನಾನ ಇಟ್ಕೊಂಡೀನ್ರಿ. ಮಂದಿ ಅಂಗಿಗೆ ಕಿಸೆ ಮಾಡೀನಿ, ಕಾಲರಿಗೆ ಒಳಪಟ್ಟಿ ಹಚ್ಚೀನಿ. ಮಾಫ್ ಮಾಡ್ರಿ."

ನನಗೆ ನಗು ಬಂತು. "ಏ, ಅದೇನ್ ದೊಡ್ಡ ಮಾತ್ರಿ. ಬಿಡ್ರಿ."

"ಹಂಗಲ್ರಿ. ಬಾಯಿಬಿಟ್ಟ ಹೇಳ್ರಿ."

"ಮಾಫ್ ಮಾಡೀನ್ರಿ," ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ಪಕ್ಕದ ಮನೆಯ ಕಡೆ ನಡೆದರು. ಅಲ್ಲಿಯೂ ಅದೇ ಮಾತು, ಅದೇ "ಏ ಬಿಡ್ರಿ", ಅದೇ ಪಟ್ಟು. ಹೋಗುವಾಗ ತಿರುಗಿ ಒಂದು ಮಾತು ಹೇಳಿದ್ದರು: "ದೇವರ ಬಾಕಿ ಇದ್ರ ದೇವರು ಬಿಟ್ಟಾನು. ಮಂದಿ ಬಾಕಿ ಮಂದೀನ ಬಿಡಬೇಕ್ರಿ, ಅದು ದೇವರ ಕೈಯಾಗಿಲ್ಲ."

ಚಹಾ ಕುಡಿಯುತ್ತ ಕೂತಾಗ ನೆನಪಾಯಿತು. ಹಿಂದಿನ ದೀಪಾವಳಿಗೆ ಹೊಲಿಸಿದ ಎರಡು ಅಂಗಿಯ ಹೊಲಿಗೆಯಲ್ಲಿ ಇನ್ನೂರೈವತ್ತು ರೂಪಾಯಿ ನಾನೇ ಅವರಿಗೆ ಕೊಡುವುದಿತ್ತು. ಚಿಲ್ಲರೆ ಇಲ್ಲವೆಂದು ಉಳಿದದ್ದು ಹಾಗೇ ಮರೆತು ಹೋಗಿತ್ತು. ಬೆಳಗಿನ ಐದೂವರೆಗೆ ನನ್ನ ಬಾಗಿಲಿಗೆ ಬಂದ ಮನುಷ್ಯ ಆ ಮಾತನ್ನು ಎತ್ತಲೇ ಇಲ್ಲ.

ಬಾಕಿ, ಮಾಫಿ ಎರಡೂ ಅರಬ್ಬಿ ಮಾತುಗಳು. ಜಮಾ, ನಗದು, ವಸೂಲಿ, ಅಸಲು ಕೂಡ ಅಲ್ಲಿಂದಲೇ ಬಂದವು. ಗದಗಿನ ಯಾವುದೇ ಅಡತಿ ಅಂಗಡಿಯಲ್ಲಿ ಒಂದು ತಾಸು ಕೂತರೆ ಇವೆಲ್ಲ ಕಿವಿಗೆ ಬೀಳುತ್ತವೆ, ಯಾರಿಗೂ ಪರದೇಶದ್ದು ಅನ್ನಿಸುವುದಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಒಂದು ಅರಬ್ಬಿ ಶಬ್ದ ನೆಮ್ಮದಿಯಿಂದ ಕೂತಿದೆ. ಫಕೀರ ಎಂದರೆ ಬಡವ, ತನ್ನದೆಂದು ಏನೂ ಇಲ್ಲದವ. ಮಠದ ಮೂಲಪುರುಷರು ವಿಜಾಪುರದ ಸೂಫಿ ಖ್ವಾಜಾ ಅಮೀನುದ್ದೀನರ ಕೈಯಲ್ಲಿ ಬೆಳೆದವರೆಂದು ಭಕ್ತರು ನಂಬುತ್ತಾರೆ. ದ್ವೇಷ ಬಿಡು, ಪ್ರೀತಿ ಮಾಡು ಎಂಬುದು ಆ ಮಠ ಸಾರುತ್ತ ಬಂದ ಮಾತು. ಕೇಳಿ ಕೇಳಿ ನಮಗೆ ರೂಢಿಯಾದ ಮಾತು; ಅದನ್ನು ಒಬ್ಬರು ನಸುಕಿನಲ್ಲಿ ಮನೆಮನೆಯ ಚಿಲಕ ಬಡಿದು ಮಾಡಿ ತೋರಿಸಿದ್ದನ್ನು ನಾನು ಕಂಡದ್ದು ಆ ದಿನವೇ.

ಹಜ್‌ಗೆ ಹೊರಡುವವರು ಸಾಲ ತೀರಿಸಿ, ಕಂಡವರ ಹತ್ತಿರ ಮಾಫಿ ಕೇಳಿ ಹೊರಡುವ ಈ ಪದ್ಧತಿ ಹಳೆಯದು. ಮುಂಬಯಿಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋಗುವಾಗ ತಿರುಗಿ ಬರುವ ಖಾತ್ರಿ ಯಾರಿಗೂ ಇರಲಿಲ್ಲ. 1995ರಲ್ಲಿ ಹಡಗಿನ ಯಾತ್ರೆ ನಿಂತಿತು. ಈಗ ಬೆಂಗಳೂರಿನ ಹಜ್ ಭವನ, ಅಲ್ಲಿಂದ ವಿಮಾನ, ಕೆಲವೇ ತಾಸಿನ ದಾರಿ. ಹಾಗೆಂದು ಭಯ ಪೂರಾ ಹೋಗಿಲ್ಲ. 2024ರ ಹಜ್ ಕಾಲಕ್ಕೆ ಮಕ್ಕಾದ ಬಿಸಿಲು 51 ಡಿಗ್ರಿ ದಾಟಿತು, 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಸಾಹೇಬರ ಮನೆಯಾಕೆ ಗಂಟು ಕಟ್ಟುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಮೊದಲು ಛತ್ರಿ ಇಟ್ಟದ್ದು ಅದಕ್ಕೇ.

ಅವರು ಹೋದ ಮೇಲೆ ಒಂದು ಬೆಳಿಗ್ಗೆ ಸೋಮೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತಿದ್ದೆ. ಈ ಊರಿಗೆ ದೂರದ ಯಾತ್ರೆ ಹೊಸದಲ್ಲ. ಇದರ ಹಳೆಯ ಹೆಸರು ಪುಲಿಗೆರೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಇಲ್ಲಿಯ ಜೈನರ ಹುಡುಗಿಯನ್ನು ಮದುವೆಯಾದ, ಮಾವನ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಸೌರಾಷ್ಟ್ರದ ಸೋಮನಾಥನನ್ನೇ ತಂದು ಅವರ ಬಸದಿಯಲ್ಲಿ ನಿಲ್ಲಿಸುತ್ತೇನೆಂದು ಶಪಥ ಮಾಡಿ ಹೊರಟ. ಹರಿಹರ ಇದನ್ನು ರಗಳೆ ಮಾಡಿದ, ರಾಘವಾಂಕ 'ಸೋಮನಾಥ ಚಾರಿತ್ರ' ಬರೆದ. ಚಿಕ್ಕಂದಿನಲ್ಲಿ ಆ ಕಥೆ ಕೇಳುವಾಗ ದೇವರು ಅಷ್ಟು ದೂರದಿಂದ ಬಂದನಲ್ಲ ಎಂಬುದೇ ದೊಡ್ಡದಾಗಿ ಕಾಣುತ್ತಿತ್ತು. ಈಗ ಬೇರೆ ಅನ್ನಿಸುತ್ತದೆ. ಅದು ಜಗಳದಿಂದ ಹುಟ್ಟಿದ ಯಾತ್ರೆ. ಗೆದ್ದು ಬಂದವನ ಕಥೆ ಉಳಿಯಿತು, ಸೋತ ಬಸದಿಯವರ ನೋವನ್ನು ಯಾರೂ ರಗಳೆ ಮಾಡಲಿಲ್ಲ. ಇದೇ ಊರಿನ ಕರಿಕಲ್ಲಿನ ಜುಮ್ಮಾ ಮಸೀದಿ 1617ರಲ್ಲಿ ಆದಿಲಶಾಹಿ ಸರದಾರ ಅಂಕುಶಖಾನ ಕಟ್ಟಿಸಿದ್ದು. ಅಲ್ಲಿ ನಿಂತವರು ನಾಲ್ಕು ನೂರು ವರ್ಷದಿಂದ ದಿನಕ್ಕೆ ಐದು ಸಲ ಪಶ್ಚಿಮಕ್ಕೆ ಮುಖ ಮಾಡುತ್ತ ಬಂದಿದ್ದಾರೆ. ಆ ದಿಕ್ಕಿನ ಊರನ್ನು ಕಣ್ಣಾರೆ ನೋಡಿದವರು ಅವರಲ್ಲಿ ಎಷ್ಟು ಜನ? ನಮ್ಮ ಸಾಹೇಬರು ಈಗ ಅಲ್ಲಿದ್ದರು.

ನಾನು ಅಲ್ಲಿಗೆ ಹೋಗುವಂತಿಲ್ಲ. ಮಕ್ಕಾದೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ಸೌದಿ ಅರೇಬಿಯಾ 2019ರಿಂದ ಪ್ರವಾಸಿ ವೀಸಾ ಕೊಡುತ್ತಿದೆ, ನೋಡಲಿಕ್ಕೆ ಬೇಕಾದಷ್ಟಿದೆ. ಉತ್ತರದ ಹೆಗ್ರಾದಲ್ಲಿ ಎರಡು ಸಾವಿರ ವರ್ಷದ ಹಿಂದೆ ನಬಾಟಿಯನ್ನರು ಗುಡ್ಡದ ಬಂಡೆಯನ್ನು ಮೇಲಿನಿಂದ ಕೆಳಗೆ ಕೊರೆಯುತ್ತ ಬಂದು ಮಾಡಿದ 111 ಗೋರಿಗಳಿವೆ. 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಲಕ್ಕುಂಡಿಯ ಕಲ್ಲು ನೋಡಿ ಬೆಳೆದವರಿಗೆ ಅದರ ಆಸೆ ಹುಟ್ಟದೆ ಇರದು. ಆದರೆ ಮಕ್ಕಾದ ಮಟ್ಟಿಗೆ ನನಗಿದ್ದದ್ದು ಸಾಹೇಬರ ಕಣ್ಣು, ಅದೂ ಟೇಲರನ ಕಣ್ಣು.

ನಾಲ್ವತ್ತು ದಿನಕ್ಕೆ ತಿರುಗಿ ಬಂದರು. ಮೈ ಕಪ್ಪಿಟ್ಟಿತ್ತು, ತಲೆ ಬೋಳಾಗಿತ್ತು. ಏನೇನ್ ನೋಡಿದ್ರಿ ಎಂದರೆ ಮಾತು ಅರಿವಿಯಿಂದಲೇ ಶುರುವಾಯಿತು.

"ಜೀವಮಾನ ಹೊಲದ ಹೊಲದ, ಅಲ್ಲಿ ಹೋಗುವಾಗ ಸೂಜಿ ಮುಟ್ಟದ ಅರಿವಿ ನೋಡ್ರಿ." ಇಹ್ರಾಮ್ ಎಂದರೆ ಗಂಡಸರಿಗೆ ಎರಡು ಬಿಳಿ ತುಂಡು, ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಹೊಲಿಗೆ ಇರಬಾರದು. ಮಗ್ಗದಿಂದ ಇಳಿದದ್ದು ಇಳಿದ ಹಾಗೇ ಮೈಮೇಲೆ ಬರುತ್ತದೆ. ಬೆಟಗೇರಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರ ಸೀರೆಯೂ ಹಾಗೇ ಅಲ್ಲವೆ. ಅದನ್ನು ಉಟ್ಟ ಮೇಲೆ ಅತ್ತರು ಹಚ್ಚುವಂತಿಲ್ಲ, ಕೂದಲು ಕೀಳುವಂತಿಲ್ಲ, ಯಾರೊಂದಿಗೂ ಜಗಳ ಮಾಡುವಂತಿಲ್ಲ. ಕೊನೆಯದು ಕಠಿಣವಾಯಿತಂತೆ, ಬಸ್ಸಿನ ಸೀಟಿನ ಹತ್ತಿರ.

ಆಮೇಲೆ ಕಿಸ್ವಾ. ಕಾಬಾದ ಮೇಲಿನ ಕರಿ ರೇಷ್ಮೆಯ ಹೊದಿಕೆ. 14 ಮೀಟರ್ ಎತ್ತರ, 47 ತುಂಡು ಜೋಡಿಸಿದ್ದು, ಸುಮಾರು 670 ಕಿಲೊ ರೇಷ್ಮೆ. ಮೇಲೆ ಬಂಗಾರ ಬೆಳ್ಳಿಯ ಎಳೆಯಲ್ಲಿ ಅಕ್ಷರದ ಕಸೂತಿ. ಶತಮಾನಗಟ್ಟಲೆ ಈಜಿಪ್ಟಿನಿಂದ ಒಂಟೆಯ ಮೇಲೆ ಮೆರವಣಿಗೆಯಲ್ಲಿ ಬರುತ್ತಿತ್ತು, ಈಗ ಮಕ್ಕಾದಲ್ಲೇ ಅದಕ್ಕೊಂದು ಕಾರ್ಖಾನೆ ಇದೆ. ಲಕ್ಷಗಟ್ಟಲೆ ಜನ ಅಳುತ್ತ, ದುವಾ ಮಾಡುತ್ತ ಎಡಗಡೆಗೆ ಕಾಬಾ ಇಟ್ಟುಕೊಂಡು ಏಳು ಸುತ್ತು ಹಾಕುವಾಗ ಇವರು ಜೋಡಣೆಯ ಗೆರೆ ಎಲ್ಲಿದೆ ಎಂದು ಹುಡುಕುತ್ತಿದ್ದರಂತೆ. "ತಪ್ಪಾತೇನೋ ಅನಸ್ತು, ಆದ್ರ ಕಣ್ಣ ಕೇಳಲಿಲ್ರಿ." ತಪ್ಪೇನಲ್ಲ ಎಂದು ನನ್ನ ಮತ. ದುಡಿದ ಕೈ ದೇವರನ್ನು ಕಾಣುವುದು ತನ್ನ ಕಸುಬಿನ ದಾರಿಯಲ್ಲೇ. ಹಜ್ ದಿನಗಳಲ್ಲಿ ಆ ಕರಿ ಅರಿವಿಯ ಕೆಳಗಿನ ಅಂಚನ್ನು ಮೇಲಕ್ಕೆತ್ತಿ ಕಟ್ಟಿ, ಅಲ್ಲಿ ಬಿಳಿ ಬಟ್ಟೆ ಸುತ್ತುತ್ತಾರೆ. ಜನ ಅದನ್ನು ಕಾಬಾದ ಇಹ್ರಾಮ್ ಎನ್ನುತ್ತಾರೆ.

"ಹಳೀ ಕಿಸ್ವಾ ಏನ್ ಮಾಡ್ತಾರ ಗೊತ್ತೇನ್ರಿ? ವರ್ಷಕ್ಕೊಮ್ಮಿ ಇಳಿಸಿ, ತುಂಡ ಮಾಡಿ ಹಂಚ್ತಾರ. ಉಳದ ತುಂಡ ಅಲ್ಲೇನೂ ಇಟ್ಕೊಳ್ಳೂದಿಲ್ರಿ." ಹೇಳಿ ತಾವೇ ನಕ್ಕರು.

ನೀರಿನ ಮಾತು ಮಾತ್ರ ನಗದೆ ಹೇಳಿದರು. ಕೂಸು ಇಸ್ಮಾಯಿಲನಿಗೆ ನೀರಿಲ್ಲದೆ ಹಾಜಿರಾ ತಾಯಿ ಸಫಾ, ಮರ್ವಾ ಎಂಬ ಎರಡು ದಿಬ್ಬಗಳ ನಡುವೆ ಏಳು ಸಲ ಓಡಿದಳು. ಅದೇ ದಾರಿಯಲ್ಲಿ ಇವತ್ತೂ ಯಾತ್ರಿಕರು ಏಳು ಸಲ ನಡೆಯುತ್ತಾರೆ, ಒಟ್ಟು ಮೂರು ಕಿಲೊಮೀಟರಿನ ಮೇಲೆ. ಈಗ ಮೇಲೆ ಸೂರು, ಕೆಳಗೆ ಅಮೃತಶಿಲೆ, ತಣ್ಣನೆ ಗಾಳಿ. ನೀರು ಹುಡುಕುತ್ತ ಓಡುವ ತಾಯಿಯನ್ನು ಗದಗ-ಬೆಟಗೇರಿಯವರಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ತುಂಗಭದ್ರೆಯ ನೀರು ನಳಕ್ಕೆ ಬರುವ ದಿನವನ್ನು ಎಣಿಸುತ್ತ ಕೊಡ ಸಾಲಿಗಿಟ್ಟ ಮನೆಗಳಿವು. ಸಾಹೇಬರ ತಂಗಿಯ ಮನೆ ಬೆಟಗೇರಿಯಲ್ಲಿ. ಹಾಜಿರಾಳಿಗೆ ಕೊನೆಗೆ ಸಿಕ್ಕ ನೀರೇ ಝಮ್‌ಝಮ್. ತಮಗೆ ಬಂದ ಅದರ ಐದು ಲೀಟರ್ ಕ್ಯಾನಿನಲ್ಲಿ ಮೊದಲ ಬಾಟಲಿ ಆಕೆಗೆ ಕಳಿಸಿ, ಉಳಿದದ್ದನ್ನು ಓಣಿಗೆ ಹಂಚಿದರು. ನಮ್ಮ ಮನೆಗೆ ಬಂದದ್ದು ಒಂದು ಸಣ್ಣ ಬಟ್ಟಲು, ಜೊತೆಗೆ ಮೂರು ಖಜೂರ. ನಮ್ಮವಳು ಬಟ್ಟಲನ್ನು ಜಗಲಿಯ ಮೇಲೆ, ಗಂಗೆಯ ಗಿಂಡಿಯ ಪಕ್ಕ ಇಟ್ಟಳು.

ಮರುದಿನ ಇನ್ನೂರೈವತ್ತು ರೂಪಾಯಿ ಹಿಡಿದು ಅವರ ಅಂಗಡಿಗೆ ಹೋದೆ. ಉದ್ರಿ ಬುಕ್ಕು ತೆಗೆದು ತೋರಿಸಿದರು. ನನ್ನ ಹೆಸರಿನ ಮೇಲೆ ಅಡ್ಡಗೆರೆ ಇತ್ತು, ಇನ್ನೂ ಹತ್ತಾರು ಹೆಸರುಗಳ ಮೇಲೆಯೂ ಇತ್ತು.

"ಹೊಂಡೂ ಮುಂಚೇನ ಬಿಟ್ಟೀನ್ರಿ ಮಾಸ್ತರ."

"ಹಂಗಲ್ರಿ, ಬಾಯಿಬಿಟ್ಟ ಹೇಳ್ರಿ," ಎಂದೆ.

ಹೇಳಿದರು. ರೊಕ್ಕ ತೊಗೊಳ್ಳಲಿಲ್ಲ. ಹೊಸದೊಂದು ಅಂಗಿಗೆ ಅಳತೆ ಕೊಟ್ಟು ಬಂದೆ. ಎಂಟು ದಿನಕ್ಕೆ ಅಂಗಿ ಬಂತು. ಕಿಸೆಯಲ್ಲಿ ಏನೋ ಉಬ್ಬಿದೆಯಲ್ಲ ಎಂದು ಕೈ ಹಾಕಿದರೆ ಅದೇ ಬಟ್ಟೆಯ ಉಳಿದ ತುಂಡು, ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಹಾಕಿ ಇಟ್ಟಿದ್ದರು. ಈಗ ಅವರ ಅಂಗಡಿಯಿಂದ ಹೋಗುವ ಎಲ್ಲ ಅಂಗಿಗಳಲ್ಲೂ ಹಾಗೇ ಇರುತ್ತದೆ.