ಓದುವವನೂ ಒಲೆಯ ಮುಂದಿರುವವರೂ

ಒಂದು ಮನೆಯಲ್ಲಿ ಒಬ್ಬನು ಪುಸ್ತಕ ಹಿಡಿದು ಕುಳಿತಿರುವಾಗ ಮತ್ತೊಬ್ಬರು ನೀರು ಸೇದಿ, ಪಾತ್ರೆ ಬೆಳಗಿ, ಒಲೆಯ ಮುಂದೆ ಬೇಯುತ್ತಿರುವುದು ನ್ಯಾಯವೋ? ಇದು ಅಲ್ಪವಾದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ಓದುಬರಹ ಬಲ್ಲವರು ನಮ್ಮ ಹಳ್ಳಿಗಳಲ್ಲಿ ಹೆಚ್ಚಿದಷ್ಟೂ ಇದು ಮನೆಮನೆಯ ಪ್ರಶ್ನೆಯಾಗುವದು.

ಕೆಲವು ಕಾಲದಿಂದ ನಾವು ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಓದುತ್ತಿದ್ದೇವೆ. ಅದು ಎಂಟು ಸಂಪುಟಗಳ ಗ್ರಂಥವು. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಈ ಮಹನೀಯರು ಕಾಲೇಜಿನ ಮೆಟ್ಟಿಲು ತುಳಿದವರಲ್ಲ. ಆದರೂ ೧೯೪೩ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಪ್ರಕಟಿಸಿದರು, ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಇಂದಿಗೂ ಇರುವ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ೧೯೪೫ರಲ್ಲಿ ಸ್ಥಾಪಿಸಿದರು, ೧೯೭೦ರಲ್ಲಿ ಜನರು ತಮಗೆ ಅರ್ಪಿಸಿದ ಹಮ್ಮಿಣಿಯನ್ನೆಲ್ಲಾ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅವರ ಚಿತ್ರಶಾಲೆಯಲ್ಲಿ ಮೈಸೂರಿನ ದಿವಾನರಿಗೆ ಹೇಗೋ ಹಾಗೆಯೇ ವೈದಿಕರಿಗೂ ಸಂಗೀತಗಾರರಿಗೂ ಸ್ಥಳವುಂಟು.

ಒಂದು ಸಂಜೆ ದಿವಾನರ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದೆವು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನಮ್ಮ ಮನೆಯವರು, “ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಹೊತ್ತುಹೊತ್ತಿಗೆ ಅನ್ನ ಬೇಯಿಸಿ ಹಾಕಿದವರು ಯಾರೂಂತ ಬರೆದಿದೆಯೇನು, ನೋಡಿ,” ಅಂದರು. ನಾವು ಓದುತ್ತಿದ್ದ ಪುಟದಲ್ಲಿ ಅದಿರಲಿಲ್ಲ.

ಇಂಥಾ ಮಾತು ಬಂದಾಗ ಗಂಡಸರು ಬೇಥಾನ್ಯದ ಮಾರ್ಥಳ ಸಂಗತಿಯನ್ನು ಬೇಗನೆ ಎತ್ತುತ್ತಾರೆ. ಅಲ್ಲಿ ಕೆಲಸ ಬಿಟ್ಟು ಕುಳಿತು ಕೇಳಿದವಳೂ ಒಬ್ಬ ಹೆಂಗಸೇ ಎಂಬದನ್ನು ಮಾತ್ರ ಮರೆಯುತ್ತಾರೆ.

ಓದನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಯಾಕಂದರೆ ಓದನ್ನು ಬಿಟ್ಟ ಮಾತ್ರಕ್ಕೆ ಒಲೆಯ ಮುಂದಿರುವವರ ಭಾರವು ಕಡಿಮೆಯಾಗದು. ಒಬ್ಬನ ಓದಿನ ಫಲವು ಮನೆಗೆಲ್ಲಾ ಬರುತ್ತದಷ್ಟೆ ಎಂದು ಕೆಲವರು ವಾದಿಸುವರು. ಬರಬಹುದು. ಆದರೆ ಹಣ್ಣನ್ನು ತಂದುಕೊಡುವದಕ್ಕೂ ತೋಟದೊಳಗೆ ಬಿಡುವದಕ್ಕೂ ಭೇದವುಂಟು. ಓದುವವನ ನಿಶ್ಚಿಂತೆಯ ಒಂದು ಗಳಿಗೆಯು ಮತ್ತೊಬ್ಬರ ಕೈಯಿಂದ ತೆಗೆದುಕೊಂಡ ಸಾಲವು. ಅದನ್ನು ಒಳ್ಳೇ ಮಾತಿನಿಂದ ತೀರಿಸಲಾಗದು. ಗಳಿಗೆಗೆ ಗಳಿಗೆಯನ್ನೇ ಕೊಡತಕ್ಕದ್ದು.

ಇದೇ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ ಹೆಂಗಸರಿಗಾಗಿ ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು. ಚಾಮರಾಜಪೇಟೆಯ ಕಡೆಯವರು ಇಂದಿಗೂ ಬಲ್ಲ ಮಕ್ಕಳ ಕೂಟವನ್ನು ೧೯೩೮ರಲ್ಲಿ ಕಟ್ಟಿದವರೂ ಅವರೇ. ಆ ಪತ್ರಿಕೆಯನ್ನು ಓದಿದ ಗೃಹಿಣಿಯರಿಗೆ ಒಲೆಯಿರಲಿಲ್ಲವೇ? ಇತ್ತು. ಯಾರಾದರೂ ಸ್ವಲ್ಪ ಹೊತ್ತು ಅದನ್ನು ನೋಡಿಕೊಂಡಿರಬೇಕು. ಇಲ್ಲವೆ ಅವರು ನಿದ್ದೆಗೆಟ್ಟು ಓದಿರಬೇಕು. ಎರಡನೆಯದೇ ಹೆಚ್ಚೆಂದು ನಮಗೆ ತೋರುತ್ತದೆ.

ಈಗ ಶನಿವಾರದ ಸಂಜೆ ಮುದ್ದೆಯ ಕೋಲು ನಮ್ಮ ಕೈಗೆ ಬಂದಿದೆ. ಗಂಟಾಗುತ್ತದೆಂದು ಮಕ್ಕಳ ದೂರುಂಟು. ಮೂರನೆಯ ಸಂಪುಟವು ನಮ್ಮ ಮನೆಯವರ ಬಳಿಯಲ್ಲಿದೆ. ಕೇಳಿದರೆ, ಇನ್ನೂ ಮುಗಿದಿಲ್ಲವೆನ್ನುತ್ತಾರೆ.