ಕರ್ತೃವೂ ಕರಣವೂ

ಕೋಡಿಂಗ್ ಎಂಬ ಯಂತ್ರಭಾಷೆಯನ್ನು ಕಲಿಯದೆಯೇ ಮೊಬೈಲಿನ ಆಟವೊಂದನ್ನು ರಚಿಸಿ ಲೋಕದ ಮುಂದಿಡುವ ವಿದ್ಯೆಯು ಈಚಿನ ವರ್ಷಗಳಲ್ಲಿ ಪ್ರಚಾರಕ್ಕೆ ಬಂದಿದೆ. ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿಯೂ ಅದು ಮಕ್ಕಳ ಕೈಗೆಟುಕುವಷ್ಟು ಸುಲಭವಾಗಿದೆ. ಇದನ್ನು ಕಂಡ ಹಿರಿಯರ ಮನಸ್ಸಿನಲ್ಲಿ ಎರಡು ಸಂಶಯಗಳು ಹುಟ್ಟುವುದು ಸಹಜ. ಯಂತ್ರವೇ ಬರೆದುಕೊಟ್ಟ ಆಟಕ್ಕೆ ಹುಡುಗನು ಕರ್ತೃವೆನಿಸುವನೆ? ಎನಿಸುವುದಾದರೆ, ಆ ಹೆಸರಿನೊಡನೆ ಅವನ ಹೆಗಲಿಗೇರುವ ಭಾರವಾವುದು? ಮೊದಲನೆಯದು ಶಾಸ್ತ್ರದ ಪ್ರಶ್ನೆ; ಎರಡನೆಯದು ಧರ್ಮದ ಪ್ರಶ್ನೆ. ಒಂದನ್ನು ಬಿಟ್ಟು ಮತ್ತೊಂದನ್ನು ನಿರ್ಣಯಿಸಲಾಗದು.

ಮೊದಲು ವಿಷಯದ ಸ್ವರೂಪವನ್ನು ನೋಡೋಣ. 2007ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಸ್ಕ್ರಾಚ್ ಎಂಬ ಸಾಧನವನ್ನು ಸಾರ್ವಜನಿಕರಿಗೆ ಒದಗಿಸಿದರು. ಆಜ್ಞೆಗಳನ್ನು ಹೊತ್ತ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದರೆ ಅದರಲ್ಲಿ ಆಟವು ಸಿದ್ಧವಾಗುತ್ತದೆ. ಜಿಡೆವಲಪ್ ಮುಂತಾದ ಸಾಧನಗಳಲ್ಲಿಯಾದರೋ, ‘ಇಂಥದು ನಡೆದರೆ ಇಂಥದಾಗಲಿ’ ಎಂದು ನಿಯಮಗಳನ್ನು ಸಾಲಾಗಿ ನಿರ್ದೇಶಿಸಿದರೆ ಸಾಕು. ಮಿಕ್ಕುದನ್ನು ಯಂತ್ರವು ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತದೆ.

ನಮ್ಮ ತುಳುನಾಡಿನ ಚೆನ್ನೆಮಣೆಯನ್ನೇ ಈ ವಿಧಾನದಿಂದ ಮೊಬೈಲಿಗೆ ತರಬೇಕೆಂದು ಭಾವಿಸಿರಿ. ಎದುರೆದುರಾಗಿ ಏಳೇಳರಂತೆ 14 ಕುಳಿಗಳು. ಕುಳಿಗೆ ನಾಲ್ಕರಂತೆ 56 ಕಾಯಿಗಳು. ಬೆರಳು ಮುಟ್ಟಿದ ಕುಳಿಯು ಬರಿದಾಗಿ, ಅದರ ಕಾಯಿಗಳು ಮುಂದಿನ ಕುಳಿಗಳಿಗೆ ಒಂದೊಂದಾಗಿ ಬೀಳಬೇಕು. 14ನೆಯದಾದ ಮೇಲೆ ಮರಳಿ 1ನೆಯದು ಬರಬೇಕು. ಇಷ್ಟು ಸುಲಭ. ಕೈಯ ಕಾಯಿ ಮುಗಿದ ಮೇಲೆ ಮುಂದಿನ ಕುಳಿಯು ಬರಿದಾಗಿದ್ದರೇನು ಮಾಡತಕ್ಕದ್ದು? ಕುಳಿಯಲ್ಲಿ ಮತ್ತೆ ನಾಲ್ಕು ಕಾಯಿ ಕೂಡಿದರೆ ಅವು ಯಾರ ಪಾಲು? ಈ ನಿಯಮಗಳು ಊರಿಂದೂರಿಗೆ, ಮನೆಯಿಂದ ಮನೆಗೆ ಭಿನ್ನವಾಗಿವೆ. ಅಜ್ಜಿಯು ಕೈಯಾಡಿಸಿ ತೋರಿಸುತ್ತಿದ್ದುದನ್ನು ಇಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ವಿಧಿಸಬೇಕು. ಯಂತ್ರಕ್ಕೆ ಊಹೆಯಿಲ್ಲ, ದಾಕ್ಷಿಣ್ಯವಿಲ್ಲ. ಆದುದರಿಂದ ಇಲ್ಲಿ ತಪ್ಪಿದುದು ಲಿಪಿಯ ಶ್ರಮ ಮಾತ್ರ. ವಿಚಾರದ ಶ್ರಮವು ತಪ್ಪಲಿಲ್ಲ.

‘ಕಷ್ಟಪಡದೆ ಬಂದುದು ವಿದ್ಯೆಯಲ್ಲ’ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವು ಆರಂಭವಾದ ಮೇಲೆ ಎಷ್ಟೋ ಗ್ರಂಥಗಳು ಅಚ್ಚಾಗಿ ಬಂದುವು. ಅಚ್ಚಿನ ಕೆಲಸವನ್ನರಿಯನೆಂಬ ಕಾರಣದಿಂದ ಬರೆದವನನ್ನು ಗ್ರಂಥಕರ್ತನಲ್ಲವೆಂದು ಯಾರೂ ಹೇಳಲಿಲ್ಲ.

ಈ ವಿಷಯದಲ್ಲಿ ಪಾಣಿನಿಯ ವಿವೇಚನೆಯು ನಮಗೆ ದಾರಿದೀಪವಾಗಬಲ್ಲುದು. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ಉಪಕರಿಸುವುದು ಕರಣ. ಮರವನ್ನು ಕಡಿಯುವಲ್ಲಿ ಕೊಡಲಿಯು ಎಷ್ಟು ಹರಿತವಾದರೂ ಅದು ಒಳ್ಳೆಯ ಕರಣವಾದೀತೇ ಹೊರತು, ಕಡಿಯುವವನ ಕರ್ತೃತ್ವವು ಅದರಿಂದ ಕುಗ್ಗಲಾರದು. ಹಾಗೆಯೇ ಸಾಧನದ ಸಾಮರ್ಥ್ಯದಿಂದ ಬಾಲಕನ ಕರ್ತೃತ್ವಕ್ಕೆ ಹಾನಿಯಿಲ್ಲ. ಆದರೆ ಅವನಲ್ಲಿ ಸ್ವಾತಂತ್ರ್ಯವಿರಬೇಕು. ಇನ್ನೊಬ್ಬರು ಕಟ್ಟಿದ ಆಟದ ಚೌಕಟ್ಟನ್ನು ತಂದು, ಬಣ್ಣವನ್ನೂ ಹೆಸರನ್ನೂ ಮಾತ್ರ ಬದಲಿಸಿ ತನ್ನದೆಂದು ಸಾರುವವನು ಕೋಡಿಂಗ್ ಬಲ್ಲವನಾಗಿದ್ದರೂ ಕರ್ತೃವಲ್ಲ.

ವೈಯಾಕರಣರು ಇನ್ನೊಂದು ಸೂಕ್ಷ್ಮವನ್ನೂ ಒಪ್ಪಿದ್ದಾರೆ. ಹೇಳುವವನ ವಿವಕ್ಷೆಯಿದ್ದಲ್ಲಿ ‘ಕೊಡಲಿ ಕಡಿಯುತ್ತದೆ’ ಎಂದು ಕರಣವನ್ನೇ ಕರ್ತೃವಾಗಿಸಿ ನುಡಿಯುವುದುಂಟು. ಮಾತಿನಲ್ಲಿ ಇದು ನಿರ್ದೋಷ. ನಡತೆಯಲ್ಲಿ ಇದೇ ಅಪಾಯದ ಸ್ಥಾನ. ಆಟವು ಮೆಚ್ಚಿಕೆ ಪಡೆದರೆ ‘ನಾನು ಮಾಡಿದೆ’ ಎನ್ನುವುದು. ಕೇಡಾದರೆ ‘ಸಾಧನವು ಹಾಗೆ ಮಾಡಿತು’ ಎನ್ನುವುದು. ಹೊಗಳಿಕೆಗೆ ಕರ್ತೃ, ತೆಗಳಿಕೆಗೆ ಕರಣ ಎಂಬ ಈ ಇಬ್ಬಗೆಯನ್ನು ಧರ್ಮವು ಒಪ್ಪದು.

ಪ್ರಕಟಣೆಯ ಘಟ್ಟದಲ್ಲಿ ಇದು ಸ್ಪಷ್ಟವಾಗುತ್ತದೆ. ಗೂಗಲ್ ಪ್ಲೇಯಲ್ಲಿ ಒಂದೇ ಬಾರಿ 25 ಡಾಲರು, ಆಪಲ್‌ನವರಲ್ಲಿ ವರ್ಷಕ್ಕೆ 99 ಡಾಲರು ಶುಲ್ಕ. 2023ರ ನವೆಂಬರ್ 13ರ ಬಳಿಕ ಗೂಗಲ್‌ನಲ್ಲಿ ವೈಯಕ್ತಿಕ ಖಾತೆ ತೆರೆದವರು, ಈಗಿರುವ ನಿಯಮದಂತೆ, ಕನಿಷ್ಠ 12 ಮಂದಿಯಿಂದ ಸತತ 14 ದಿನ ಆಟವನ್ನು ಪರೀಕ್ಷೆ ಮಾಡಿಸಬೇಕು. ನೆರೆಕರೆಯವರನ್ನೂ ನೆಂಟರನ್ನೂ ಸೇರಿಸಿದರೆ ಹನ್ನೆರಡು ಮಂದಿ ನಮ್ಮಲ್ಲಿ ದುರ್ಲಭರಲ್ಲ. ಅನಂತರ ಪ್ರಶ್ನೆಗಳು ಬರುತ್ತವೆ: ಈ ಆಟವು ಯಾವ ವಯಸ್ಸಿನವರಿಗೆ? ಇದರಲ್ಲಿ ಜಾಹೀರಾತುಗಳಿವೆಯೆ? ಆಡುವವರ ಯಾವ ವಿವರಗಳನ್ನು ಸಂಗ್ರಹಿಸುತ್ತದೆ? ಇವಕ್ಕೆ ಉತ್ತರ ಕೊಟ್ಟು ಹೊಣೆಹೊರಬೇಕಾದವನು ಪ್ರಕಟಿಸುವವನೇ, ಸಾಧನವಲ್ಲ.

ಆದರೆ ಯಾರೂ ಕೇಳದ ಪ್ರಶ್ನೆಯೊಂದುಂಟು: ಈ ಆಟಕ್ಕೆ ಮುಗಿತಾಯವಿದೆಯೆ? ಹಣವನ್ನೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರ ಆಗಸ್ಟಿನ ಕಾಯಿದೆಯಿಂದ ನಿಷೇಧಿಸಿತು. ಕಾಲವನ್ನೊಡ್ಡಿ ಆಡುವ ಆಟಕ್ಕೆ ಅಂಥ ನಿಷೇಧವಿಲ್ಲ. ನಾಳೆಯೂ ಬಂದರೆ ಬಹುಮಾನ, ಬಾರದಿದ್ದರೆ ನಷ್ಟ ಎಂದು ಮಕ್ಕಳನ್ನು ಕಟ್ಟಿಹಾಕುವ ಉಪಾಯವನ್ನೂ ಕೋಡಿಂಗ್ ಇಲ್ಲದೆಯೇ ಜೋಡಿಸಬಹುದು. ನಮ್ಮ ಹಿರಿಯರು ಆಟದ ಬಲವನ್ನು ಅರಿತಿದ್ದರು. ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಕಲಹಕ್ಕಿಳಿದು, ಒಬ್ಬಳು ಮಣೆಯಿಂದಲೇ ಮತ್ತೊಬ್ಬಳನ್ನು ಹೊಡೆದು, ಕಡೆಗೆ ಇಬ್ಬರೂ ಅಳಿದ ಕಥೆಯನ್ನು ಸಿರಿ ಪಾಡ್ದನವು ಹೇಳುತ್ತದೆ. ಆಟಿಯ ಮಳೆಯಲ್ಲಿ ಮಣೆಯನ್ನು ಕೆಳಗಿಳಿಸಿ, ತಿಂಗಳು ಕಳೆಯುತ್ತಲೇ ಅಟ್ಟಕ್ಕೇರಿಸುವ ರೂಢಿಯು ಅನೇಕ ಮನೆಗಳಲ್ಲಿತ್ತು. ಮೊಬೈಲಿಗೆ ಅಟ್ಟವೂ ಇಲ್ಲ, ಆಟಿಯೂ ಇಲ್ಲ. ಆ ಮಿತಿಯನ್ನು ಹಿಂದೆ ಮನೆಯ ಹಿರಿಯರು ವಿಧಿಸುತ್ತಿದ್ದರು; ಇಂದು ಆಟವನ್ನು ರಚಿಸುವ ಕಿರಿಯನೇ ಅದನ್ನು ಆಟದೊಳಗೆ ಇಡಬೇಕಾಗಿದೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಕ್ಕಳು ಈ ವಿದ್ಯೆಯನ್ನು ಕಲಿಯಲಿ. ಕೋಡಿಂಗ್ ಬಾರದೆಂದು ಅವರನ್ನು ಹಳಿಯುವುದು ಬೇಡ. ಆದರೆ ಮಗನೋ ಮಗಳೋ ತಾನು ರಚಿಸಿದ ಆಟವನ್ನು ತಂದು ತೋರಿಸಿದಾಗ, ಎಷ್ಟು ಮಂದಿ ಆಡಿದರು, ಎಷ್ಟು ಹಣ ಬಂದೀತು ಎಂದು ಕೇಳುವುದಕ್ಕೆ ಮೊದಲು, ‘ಇದನ್ನು ನಿನ್ನ ತಂಗಿಯ ಕೈಗೆ ಕೊಟ್ಟರೆ ಅವಳು ಹೊತ್ತಿಗೆ ಸರಿಯಾಗಿ ಎದ್ದು ಊಟಕ್ಕೆ ಬಂದಾಳೆ?’ ಎಂದು ಕೇಳಿ ನೋಡಬೇಕು. ಆ ಪ್ರಶ್ನೆಗೆ ಅಳುಕದೆ ಉತ್ತರ ಹೇಳಬಲ್ಲ ಮಗುವನ್ನು ಕರ್ತೃವೆಂದು ಕರೆಯಲು ಅಡ್ಡಿಯಿಲ್ಲ.