ಗೆದ್ದವನ ಋಣ

ಗದುಗಿನ ಕುಮಾರವ್ಯಾಸನು ತನ್ನ ಭಾರತವನ್ನು ಹತ್ತು ಪರ್ವಗಳಿಗೆ, ಗದಾಪರ್ವದೊಡನೆ ಮುಗಿಸಿದನು. ಉಳಿದ ಪರ್ವಗಳನ್ನು ಕನ್ನಡಿಸುವ ಹೊಣೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಯ ಪಾಲಿಗೆ ಬಂದಿತು. ಯುದ್ಧದ ಕಥೆಗೆ ಕೇಳುಗರು ಬಹಳ. ಯುದ್ಧ ಮುಗಿದ ಮೇಲಿನ ಕಥೆಗೆ ಕಡಿಮೆ. ಆದರೆ ಧರ್ಮದ ಕಠಿನ ಪ್ರಶ್ನೆಗಳು ಏಳುವುದು ಶಸ್ತ್ರಗಳು ಸುಮ್ಮನಾದ ಬಳಿಕವೇ. ಸೋತವನ ಮನೆಯಲ್ಲಿ ಒಲೆ ಆರಿದೆ. ಗೆದ್ದವನು ಅವನ ಅಂಗಳದಲ್ಲಿ ನಿಂತಿದ್ದಾನೆ. ಮನೆ ಸುಟ್ಟ ಕೈಯೇ ಮನೆ ಕಟ್ಟಿಕೊಡಲು ಮುಂದಾದರೆ ಅದನ್ನು ಉಪಕಾರವೆನ್ನೋಣವೇ, ಪ್ರಾಯಶ್ಚಿತ್ತವೆನ್ನೋಣವೇ ಅಥವಾ ಗೆಲುವಿನದೇ ಇನ್ನೊಂದು ರೂಪವೆನ್ನೋಣವೇ?

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಎರಡನೆಯ ಮಹಾಯುದ್ಧದ ನಂತರದ ಜಪಾನು ತಕ್ಕ ನಿದರ್ಶನ. ಆ ದೇಶ ನಿರಪರಾಧಿಯಾಗಿರಲಿಲ್ಲ. ಚೀನಾ, ಕೊರಿಯಾ, ಆಗ್ನೇಯ ಏಷ್ಯಾಗಳ ಜನ ಅದರ ಸೈನ್ಯದ ಕೈಯಲ್ಲಿ ಪಟ್ಟ ಪಾಡನ್ನು ಯಾರೂ ಮರೆಯುವಂತಿಲ್ಲ. ಆದರೆ ಅದಕ್ಕೆ ಒದಗಿದ ಸೋಲೂ ಭೀಕರವಾದುದು. 1945ರ ಮಾರ್ಚ್‌ನ ಒಂದೇ ರಾತ್ರಿಯ ಬೆಂಕಿದಾಳಿಗೆ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿಗಳು ಬೂದಿಯಾದವು. ಸೆಪ್ಟೆಂಬರ್ 2ರಂದು ಶರಣಾಗತಿ ಪತ್ರಕ್ಕೆ ಸಹಿ ಬಿದ್ದಿತು. ಅಲ್ಲಿಂದ 1952ರ ಏಪ್ರಿಲ್ 28ರವರೆಗೆ ಆ ನಾಡನ್ನು ನಡೆಸಿದವರು ಗೆದ್ದವರು. ಮೊದಲ ಐದೂವರೆ ವರ್ಷ ಜನರಲ್ ಮ್ಯಾಕಾರ್ಥರ್ ಅವರ ಮುಖ್ಯಸ್ಥನಾಗಿದ್ದನು.

ಗೆದ್ದವರ ಪಡೆಯಲ್ಲಿ ನಮ್ಮವರೂ ಇದ್ದರೆಂಬುದನ್ನು ನಾವು ನೆನೆಯಬೇಕು. ಬ್ರಿಟಿಷ್ ಕಾಮನ್‌ವೆಲ್ತ್ ಸೇನೆಯ ಭಾಗವಾಗಿ ಜಪಾನಿಗೆ ಹೋದ ಭಾರತೀಯ ಬ್ರಿಗೇಡಿನ ನಾಯಕರಾಗಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ತಮ್ಮ ನಾಡಿಗೇ ಇನ್ನೂ ಸ್ವಾತಂತ್ರ್ಯ ಬಾರದ ದಿನಗಳಲ್ಲಿ ಆ ಯೋಧರು ಇನ್ನೊಂದು ನಾಡಿನ ಮೇಲೆ ಕಾವಲು ನಿಂತಿದ್ದರು. ಗೆದ್ದವರು, ಸೋತವರು ಎಂಬ ಭಾಗ ಅಷ್ಟು ಸರಳವಲ್ಲವೆಂಬುದಕ್ಕೆ ಇದೊಂದೇ ಸಂಗತಿ ಸಾಕು.

ಮೊದಲು ಅನ್ನದ ಮಾತು. ಯುದ್ಧ ಮುಗಿದಾಗ ಜಪಾನಿನ ನಗರಗಳು ಹಸಿದಿದ್ದವು. ಅಮೆರಿಕದ ಹಡಗುಗಳು ಧಾನ್ಯ ತಂದವು. ಅದು ಎಷ್ಟೋ ಜೀವಗಳನ್ನು ಉಳಿಸಿತು. ಹಸಿದ ನಾಡಿನಲ್ಲಿ ದಂಗೆ ಎದ್ದೀತೆಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಮುಂದೆ ಈ ನೆರವಿನ ಲೆಕ್ಕವೂ ಬಂದಿತು: 1962ರಲ್ಲಿ ಆದ ಒಪ್ಪಂದದಂತೆ ಜಪಾನು ಅದಕ್ಕಾಗಿ 49 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ದಾನವೆಂದು ಉಂಡ ಅನ್ನ ಸಾಲವಾಯಿತೆಂದು ಕೆಲವರು ನೊಂದರು. ನಮಗಾದರೋ ಇಲ್ಲಿ ಇನ್ನೊಂದು ಮಾತು ಹೊಳೆಯುತ್ತದೆ. ಸಾಲ ತೀರಿಸಿದವನು ತಲೆಯೆತ್ತಿ ನಿಲ್ಲಬಲ್ಲನು. ದಾನ ಪಡೆದವನಿಗೆ ಆ ಸೌಭಾಗ್ಯವಿಲ್ಲ.

ಅನ್ನಕ್ಕಿಂತ ಸೂಕ್ಷ್ಮವಾದುದು ಸಂವಿಧಾನದ ಮಾತು. 1946ರ ಫೆಬ್ರವರಿಯಲ್ಲಿ ಮ್ಯಾಕಾರ್ಥರನ ಕಚೇರಿಯವರು ಒಂದು ವಾರದಷ್ಟು ಸಮಯದಲ್ಲಿ ಇಂಗ್ಲಿಷಿನಲ್ಲಿ ಕರಡನ್ನು ಬರೆದರು. ಸ್ತ್ರೀಪುರುಷ ಸಮಾನತೆಯ ವಿಧಿಗಳನ್ನು ರೂಪಿಸಿದ ಬಿಯಾಟೆ ಸಿರೋಟಾ ಎಂಬಾಕೆಗೆ ಆಗ 22 ವರ್ಷ. ಸ್ವಾತಂತ್ರ್ಯವನ್ನು ಅಪ್ಪಣೆಯ ಮೂಲಕ ಕೊಡಲು ಸಾಧ್ಯವೇ? ಅಪ್ಪಣೆಯಿಂದ ಬಂದುದು ಸ್ವಾತಂತ್ರ್ಯವಾದೀತೇ? ತರ್ಕದ ಉತ್ತರ 'ಇಲ್ಲ' ಎಂದೇ. ಆದರೆ ಅಲ್ಲಿ ನಡೆದುದು ತರ್ಕವನ್ನು ಮೀರಿತು. ಜಪಾನಿನ ಸಂಸತ್ತು ಆ ಕರಡನ್ನು ತಿಂಗಳುಗಟ್ಟಲೆ ಚರ್ಚಿಸಿತು. ಪ್ರತಿಯೊಬ್ಬರಿಗೂ ಆರೋಗ್ಯಕರವೂ ಸುಸಂಸ್ಕೃತವೂ ಆದ ಕನಿಷ್ಠ ಮಟ್ಟದ ಬದುಕಿನ ಹಕ್ಕುಂಟೆಂದು ಸಾರುವ ಮಾತು ಅಮೆರಿಕನ್ನರ ಕರಡಿನಲ್ಲಿ ಇರಲಿಲ್ಲ. ಅದನ್ನು ಸೇರಿಸಿದವರು ಅಲ್ಲಿಯ ಸದಸ್ಯರೇ. ಅದು 25ನೆಯ ವಿಧಿಯಾಗಿ ನೆಲೆಸಿತು.

ಸಾಹಿತ್ಯಪ್ರಿಯರಾದ ನಮ್ಮ ಸದಸ್ಯರ ಗಮನಕ್ಕೆ ಬರಬೇಕಾದ ಇನ್ನೊಂದು ಸಂಗತಿಯಿದೆ. 1889ರ ಹಳೆಯ ಸಂವಿಧಾನ ಸಾಮಾನ್ಯರಿಗೆ ಎಟುಕದ ಗ್ರಾಂಥಿಕ ಜಪಾನಿಯಲ್ಲಿತ್ತು. ಹೊಸದಾದರೂ ಜನರ ಆಡುನುಡಿಗೆ ಹತ್ತಿರವಿರಲೆಂದು ಸಾಹಿತಿ ಯಮಾಮೊಟೊ ಯೂಜೊ ಮೊದಲಾದವರು ಒತ್ತಾಯಿಸಿದರು, ಸರ್ಕಾರ ಒಪ್ಪಿತು. ಪರಭಾಷೆಯಲ್ಲಿ ಹುಟ್ಟಿದ ಶಾಸನ ಹೀಗೆ ಮನೆಮಾತಿಗೆ ಸಮೀಪವಾಯಿತು. ಕನ್ನಡ ನಾಡಿನ ಗಡಿಯಾಚೆ ಬಾಳುವ ನಾವು, ಸರ್ಕಾರದ ಕಾಗದವೊಂದು ನಮ್ಮ ನುಡಿಯಲ್ಲಿ ಕೈಗೆ ಬಂದಾಗ ಅದು ತರುವ ಭರವಸೆಯನ್ನು ಬಲ್ಲೆವು. ಅರ್ಥವಾದ ಕಾನೂನು ಮಾತ್ರ ನಮ್ಮದಾಗಬಲ್ಲದು.

ಭೂಸುಧಾರಣೆಯ ಕಥೆಯೂ ಇಂಥದೇ. ಯುದ್ಧ ಮುಗಿದಾಗ ಜಪಾನಿನ ಸಾಗುವಳಿ ಭೂಮಿಯಲ್ಲಿ ಸುಮಾರು ನೂರಕ್ಕೆ 46 ಪಾಲು ಗೇಣಿದಾರರ ಕೈಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಅದು ಸುಮಾರು 10ಕ್ಕೆ ಇಳಿಯಿತು. ಉಳುವವರು ಒಡೆಯರಾದರು. ಒತ್ತಡ ಗೆದ್ದವರದು, ಆದರೆ ಗೇಣಿಯ ಅನ್ಯಾಯವನ್ನು ಯುದ್ಧಕ್ಕೆ ಮೊದಲೇ ಅಧ್ಯಯನ ಮಾಡಿದ್ದ ಅಧಿಕಾರಿಗಳು, ಅದರ ವಿರುದ್ಧ ಹೋರಾಡಿದ್ದ ರೈತರು ಅಲ್ಲಿಯವರೇ. ಸ್ತ್ರೀಯರ ಮತದಾನವೂ ಹಾಗೆಯೇ. 1946ರ ಏಪ್ರಿಲ್‌ನಲ್ಲಿ ಅವರು ಮೊದಲ ಬಾರಿಗೆ ಮತ ಹಾಕಿದರು. 39 ಮಹಿಳೆಯರು ಗೆದ್ದರು. ಆ ಹಕ್ಕಿಗಾಗಿ ಇಚಿಕಾವಾ ಫುಸಾಯೆ ಮೊದಲಾದವರು ದಶಕಗಳಿಂದ ದುಡಿದಿದ್ದರು. ಮಳೆ ಹೊರಗಿನಿಂದ ಬಂದಿರಬಹುದು. ಬೀಜ ಮಾತ್ರ ಆ ಮಣ್ಣಿನಲ್ಲೇ ಇತ್ತು.

ಇಷ್ಟಾಗಿಯೂ ಗೆದ್ದವರ ಕೈ ಶುದ್ಧವಾಗಿರಲಿಲ್ಲ. ವಾಕ್‌ಸ್ವಾತಂತ್ರ್ಯವನ್ನು ಸಾರಿದವರೇ ಪತ್ರಿಕೆಗಳನ್ನು ತಿದ್ದಿದರು, ಅಣುಬಾಂಬಿನ ಸಂಕಟದ ಬರಹಗಳನ್ನು ತಡೆದರು, ತಡೆಯುತ್ತಿದ್ದೇವೆಂಬುದನ್ನೂ ಬರೆಯಗೊಡಲಿಲ್ಲ. ಇಚಿಕಾವಾರನ್ನೇ 1947ರಲ್ಲಿ ಸಾರ್ವಜನಿಕ ಹುದ್ದೆಗಳಿಂದ ದೂರವಿಟ್ಟರು. ಯುದ್ಧವನ್ನು ತ್ಯಜಿಸುವ 9ನೆಯ ವಿಧಿಯನ್ನು ಬರೆಸಿದ ಮ್ಯಾಕಾರ್ಥರನೇ, 1950ರಲ್ಲಿ ಕೊರಿಯಾದಲ್ಲಿ ಕದನ ಹೊತ್ತಿಕೊಂಡಾಗ 75,000 ಮಂದಿಯ ಮೀಸಲು ಪಡೆ ಕಟ್ಟಲು ಅಪ್ಪಣೆ ಕೊಟ್ಟನು. ಉಳಿದ ಜಪಾನು ಸ್ವತಂತ್ರವಾದ ಮೇಲೂ ಒಕಿನಾವಾ 1972ರವರೆಗೆ ಅಮೆರಿಕದ ಆಡಳಿತದಲ್ಲೇ ಉಳಿಯಿತು. ನೆರವು ನೀಡುವವನ ಸ್ವಾರ್ಥ ಎಲ್ಲಿ ತುಯ್ಯುತ್ತದೆಯೋ ಅಲ್ಲಿ ನೆರವೂ ಬಾಗುತ್ತದೆ.

ಹಾಗಾದರೆ ಈ ಪುನರ್ನಿರ್ಮಾಣವನ್ನು ನಾವು ಹೇಗೆ ತೂಗಬೇಕು? ಸೋತವನ ನಾಡಿನ ಅಧಿಕಾರವನ್ನು ಕೈಗೆ ತೆಗೆದುಕೊಂಡವನು ಅಲ್ಲಿಯ ಮಕ್ಕಳ ಹಸಿವಿಗೂ ಹೊಣೆಗಾರನಾಗುತ್ತಾನೆ. ಆದುದರಿಂದ ಅವನು ಕೊಡುವುದು ಋಣಸಂದಾಯವೇ ಹೊರತು ಔದಾರ್ಯವಲ್ಲ. ಅದಕ್ಕೆ ಪ್ರತಿಯಾಗಿ ಕೃತಜ್ಞತೆಯನ್ನು ಕೇಳುವ ಹಕ್ಕು ಅವನಿಗಿಲ್ಲ. ಸೋತವರು ತಾವಾಗಿ ಕೃತಜ್ಞರಾದರೆ ಅದು ಅವರ ದೊಡ್ಡತನ. ಋಣ ತೀರಿತೆಂಬುದಕ್ಕೆ ಗುರುತೂ ಒಂದೇ: ಗೆದ್ದವನು ಅಲ್ಲಿಂದ ಹೊರಡುವುದು. ಅವನು ಅಲ್ಲೇ ಕುಳಿತಿರುವವರೆಗೆ ಕಟ್ಟಿದ ಮನೆ ಯಾರದೆಂಬ ಸಂಶಯ ಉಳಿದೇ ಇರುತ್ತದೆ.

ಸ್ವತಂತ್ರ ಭಾರತವು ಈ ಸೂಕ್ಷ್ಮವನ್ನು ಅರಿತಿತ್ತು. ವಿದೇಶೀ ಸೈನ್ಯ ಜಪಾನಿನಲ್ಲಿ ಉಳಿಯಲು ಎಡೆಮಾಡುವ ಏರ್ಪಾಡು ಮೊದಲಾದ ಕಾರಣಗಳಿಂದ 1951ರ ಸ್ಯಾನ್ ಫ್ರಾನ್ಸಿಸ್ಕೋ ಶಾಂತಿಸಮ್ಮೇಳನಕ್ಕೆ ಹೋಗದೆ, 1952ರ ಜೂನ್ 9ರಂದು ತಾನೇ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ಯುದ್ಧಪರಿಹಾರದ ಹಕ್ಕನ್ನೂ ಬಿಟ್ಟುಕೊಟ್ಟಿತು. ಕೊಡಲು ಹಣವಿಲ್ಲದ ಬಡ ದೇಶ ಸೋತ ದೇಶಕ್ಕೆ ಮರ್ಯಾದೆಯನ್ನು ಕೊಟ್ಟಿತು.

ಜಪಾನು ಸ್ವತಂತ್ರವಾದ ಮೇಲೆ ಆ ಸಂವಿಧಾನವನ್ನು ಬದಲಿಸಲು ಯಾವ ಹೊರಗಿನ ಅಡ್ಡಿಯೂ ಇರಲಿಲ್ಲ. ಬದಲಿಸಬೇಕೆಂಬ ವಾದ ಇಂದಿಗೂ ಅಲ್ಲಿ ಜೋರಾಗಿಯೇ ಇದೆ. ಆದರೂ 1947ರ ಮೇ 3ರಂದು ಜಾರಿಗೆ ಬಂದ ಆ ಬರಹಕ್ಕೆ ಈವರೆಗೆ ಒಂದು ತಿದ್ದುಪಡಿಯೂ ಆಗಿಲ್ಲ. ಬರೆದ ಕೈ ಯಾರದೇ ಇರಲಿ, ಅದನ್ನು ಇಟ್ಟುಕೊಳ್ಳುವ, ಬಿಡುವ ಮಾತು ಈಗ ಅವರವರೊಳಗಿನದು.